ಆತುರವಿಲ್ಲ, ಬಿಡುವಾದಾಗ ಮಾಡಿ

ಪರದೆಯ ಮೇಲೆ ತನ್ನ ಹೆಸರಿನ ಮುಂದೆ ತೊಂಬತ್ತಾರು ಎಂಬ ಅಂಕಿ ಮೂಡಿದ ಕೂಡಲೇ ಆದಿಲಕ್ಷ್ಮಿ ಕೋಲಾರದ ಗಂಗರತ್ನಮ್ಮನಿಗೆ ಫೋನು ಮಾಡಿದಳು.

"ನಂಗೂ ಅಷ್ಟೇ ಕಣೇ!" ಗಂಗರತ್ನಮ್ಮ ಕೂಗಿದಳು. "ಮಾಲೂರಿನ ಮುನಿರಾಮಪ್ಪಂಗೆ ಮಾತ್ರ ತೊಂಬತ್ನಾಕು. ಟೈಪ್ ಮಾಡೋವಾಗ ಒಂದು ಸಾಲು ನುಂಗಿಬಿಟ್ಟವ್ನೆ, ಹೊಟ್ಟೆಬಾಕ."

"ಮೇಷ್ಟ್ರಿಗೆ?"

"ಅವರಿಗೆ ತೊಂಬತ್ತೆಂಟು. ಮೂಲ ಅವರದ್ದಲ್ವೇನೇ! ನಾವು ನಾಕು ಜನಾನೂ ಪಾಸು. ಹೋಗಿ ಮಸಾಲೆ ದೋಸೆ ತಿನ್ನು."

ಶ್ರೀನಿವಾಸಪುರದ ಬಸ್ ನಿಲ್ದಾಣದ ಹಿಂದಿನ ಆ ಅಂಗಡಿ ಮೊದಲು ಎಸ್‌ಟಿಡಿ ಬೂತ್ ಆಗಿತ್ತು, ಆಮೇಲೆ ಜೆರಾಕ್ಸ್ ಆಯಿತು, ಈಗ ಪ್ಲೈವುಡ್ ಗೋಡೆಗಳ ನಡುವೆ ಮೂರು ಕಂಪ್ಯೂಟರು ಇಟ್ಟುಕೊಂಡು ಸೈಬರ್ ಸೆಂಟರ್ ಆಗಿತ್ತು. ಮಾಲೀಕ ಮುನಿಯಲ್ಲಪ್ಪ ಬಾಗಿಲ ಬಳಿ ಕೂತು ಪೇಪರು ಓದುತ್ತಿದ್ದ. ಎರಡು ಗಂಟೆಗೆ ಕರೆಂಟು ಹೋಗುತ್ತದೆಂದು ಅವನು ಮೊದಲೇ ಎಚ್ಚರಿಸಿದ್ದ. ಆದಿಲಕ್ಷ್ಮಿ ಪುಟವನ್ನು ಮುಚ್ಚುವ ಮೊದಲು ಕೆಳಗಿದ್ದ ಸಾಲನ್ನು ಮತ್ತೊಮ್ಮೆ ಓದಿದಳು. ಇಂಗ್ಲಿಷಿನಲ್ಲಿದ್ದ ಅದರ ಅರ್ಥ ಇಷ್ಟೆ: ಆತುರವಿಲ್ಲ, ಬಿಡುವಾದಾಗ ಮಾಡಿ. ಕೆಳಗೆ ಮೃದುಲಾ ಎಂಬ ಹೆಸರು.

ಅದು ಎರಡು ಸಾವಿರದ ಎಂಟನೆಯ ಇಸವಿಯ ಬೇಸಿಗೆ. ಜೂನಿಯರ್ ಕಾಲೇಜುಗಳಲ್ಲಿ ವಾಣಿಜ್ಯದ ವೃತ್ತಿಶಿಕ್ಷಣ ಕಲಿಸುವ ಈ ನಾಲ್ವರೂ ಅರೆಕಾಲಿಕರು. ಕಚೇರಿ ವ್ಯವಹಾರ, ಲೆಕ್ಕ ಬರೆಯುವುದು, ಸಂತೆ ಮಾರುಕಟ್ಟೆಗಳ ವಿಧಾನ, ಇವು ಅವರ ಪಾಠಗಳು. ಪ್ರತಿ ಜೂನ್‌ನಲ್ಲಿ ಮುಂದುವರಿಕೆಯ ಆದೇಶ ಬಂದರೆ ಕೆಲಸ ಉಂಟು, ಬಾರದಿದ್ದರೆ ಇಲ್ಲ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಬಂದ ಸುತ್ತೋಲೆಯಲ್ಲಿ, ಬೆಂಗಳೂರಿನ ಒಂದು ಸಂಸ್ಥೆ ಇಲಾಖೆಯ ಪರವಾಗಿ ಆನ್‌ಲೈನ್ ತರಬೇತಿ ನಡೆಸುವುದೆಂದೂ, ಅದು ಕೊಡುವ ವರದಿಯನ್ನು ನೋಡಿ ಯಾವ ಕಾಲೇಜಿನಲ್ಲಿ ವಿಭಾಗ ಉಳಿಯಬೇಕೆಂಬುದನ್ನು ತೀರ್ಮಾನಿಸಲಾಗುವುದೆಂದೂ ಇತ್ತು.

ಮೊದಲು ಎಲ್ಲರಿಗೂ ಖುಷಿಯೇ ಆಗಿತ್ತು. ಹಿಂದಿನ ತರಬೇತಿಗಳೆಂದರೆ ಯಾವುದೋ ಹಾಸ್ಟೆಲಿನ ನೆಲದ ಮೇಲೆ ಮಲಗಿ, ಸೊಳ್ಳೆ ಕಚ್ಚಿಸಿಕೊಂಡು, ಹಾಜರಿಗೆ ಸಹಿ ಹಾಕಿ ಬರುವುದು. ಇದಕ್ಕೆ ವೇಳಾಪಟ್ಟಿಯಿಲ್ಲ. ಕೊನೆಯ ದಿನಾಂಕವೂ ಇಲ್ಲ. ಮಕ್ಕಳಿಗೆ ತಲೆ ಬಾಚಿ ಬಂದು ಮಾಡಬಹುದು, ಮದುವೆ ಮನೆಯಿಂದ ಬಂದು ಮಾಡಬಹುದು. ಪ್ರತಿಯೊಬ್ಬರೂ ತಮ್ಮ ಅತ್ಯುತ್ತಮ ಪಾಠವೊಂದನ್ನು ಇಂಗ್ಲಿಷಿನಲ್ಲಿ ಪೂರ್ತಿ ಬರೆದು ಹಾಕಬೇಕು, ಉಳಿದವರ ಪಾಠ ಓದಿ ಅಭಿಪ್ರಾಯ ಹೇಳಬೇಕು, ಅಷ್ಟೆ.

ಇಂಗ್ಲಿಷಿನಲ್ಲಿ ಎಂಬ ಒಂದು ಮಾತಿಗೇ ಮೂವರು ತಡವರಿಸಿದರು. ಆಗ ಚಂದ್ರಶೇಖರ ಮೇಷ್ಟ್ರು ಎಂದಿನಂತೆ ಮುಂದೆ ಬಂದರು. ಅವರು ಆವನಿಯ ಅರ್ಚಕರ ಮನೆತನದವರು. ಮುಳಬಾಗಿಲಿನ ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಅರೆಕಾಲಿಕರು. ತನಿಖೆಗೆ ಯಾರೇ ಬರಲಿ, ಮೇಷ್ಟ್ರು ಬರೆದ ಪ್ರತಿ ಬಸ್ ಕಂಡಕ್ಟರನ ಕೈಯಲ್ಲಿ ಉಳಿದ ಮೂರು ಊರಿಗೆ ಹೋಗುವುದು, ಅಲ್ಲಿ ಹೆಸರು ಮಾತ್ರ ಬದಲಾಗಿ ಅದೇ ದಾಖಲೆಯಾಗುವುದು ಆ ಭಾಗದ ಪದ್ಧತಿ. ಅದನ್ನು ಯಾರೂ ನಕಲು ಎನ್ನುತ್ತಿರಲಿಲ್ಲ. 'ಮೇಷ್ಟ್ರ ಪ್ರತಿ' ಎನ್ನುತ್ತಿದ್ದರು. ಈ ಸಲವೂ ಹಾಗೇ ಆಯಿತು. ಬ್ಯಾಂಕಿನ ಚಲನ್ ತುಂಬುವುದನ್ನು ಹೇಗೆ ಕಲಿಸಬೇಕೆಂಬ ಅವರ ಪಾಠ ನಾಲ್ವರ ಹೆಸರಿನಲ್ಲೂ ಏರಿತು. ಏರಿದ ಪಾಠಗಳ ಪಕ್ಕದಲ್ಲಿ 'ಮ್ಯಾಚ್' ಎಂಬ ಕಂಬ, ಅದರಲ್ಲಿ ನೂರಕ್ಕೆ ಇಂತಿಷ್ಟು ಎಂಬ ಅಂಕಿ. ಅದು ಮಾದರಿ ಉತ್ತರಕ್ಕೆ ನಾವೆಷ್ಟು ಹತ್ತಿರವಿದ್ದೇವೆ ಎಂಬುದರ ಲೆಕ್ಕ ಎಂದು ಮೇಷ್ಟ್ರು ವಿವರಿಸಿದರು. ತೊಂಬತ್ತು ದಾಟಿದ ಅಂಕಿಯನ್ನು ಅನುಮಾನಿಸುವ ಮೇಷ್ಟ್ರು ಎಲ್ಲೂ ಇರುವುದಿಲ್ಲ.

ಆದಿಲಕ್ಷ್ಮಿ ಮಸಾಲೆ ದೋಸೆ ತಿನ್ನಲಿಲ್ಲ. ಮನೆಯಿದ್ದ ಯಲ್ದೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಅವಳಿಗೆ ಒಂದು ಹಳೆಯ ಸಂಗತಿ ನೆನಪಾಯಿತು. ಮೇಷ್ಟ್ರು ಮೊದಲು ಪಾಠ ಹಾಕಿದಾಗ ಅವರಿಗೆ ಬಂದಿದ್ದು ನಾಲ್ಕು. ನೂರಕ್ಕೆ ನಾಲ್ಕು. ಪಾಪ, ಮಂಕಾಗಿಬಿಟ್ಟಿದ್ದರು. ಅವಳು ಅದೇ ಪಾಠವನ್ನು ತನ್ನ ಹೆಸರಿನಲ್ಲಿ ಹಾಕಿದ ಮಧ್ಯಾಹ್ನವೇ ಅವರ ಅಂಕಿ ತೊಂಬತ್ತಕ್ಕೆ ಜಿಗಿಯಿತು. "ಪರೀಕ್ಷಕರು ಮತ್ತೊಮ್ಮೆ ಓದಿರಬೇಕು" ಎಂದು ಅವರು ಹಿಗ್ಗಿದ್ದರು. ಆದರೆ ಅವರು ತಮ್ಮ ಪಾಠದ ಒಂದು ಅಕ್ಷರವನ್ನೂ ಮುಟ್ಟಿರಲಿಲ್ಲ.

ಅವಳು ವಾಣಿಜ್ಯಕ್ಕೆ ಬರುವ ಮೊದಲು ರಸಾಯನಶಾಸ್ತ್ರ ಓದಿದವಳು. ಕೋಲಾರದ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಲಿತದ್ದರಲ್ಲಿ ಹೆಚ್ಚಿನದೆಲ್ಲ ಮರೆತಿತ್ತು, ಒಂದು ಮಾತ್ರ ಉಳಿದಿತ್ತು: ಯಾವುದರಿಂದ ಯಾವುದು ಬದಲಾಯಿತೆಂದು ತಿಳಿಯಬೇಕಾದರೆ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಇದ್ದಂತೆಯೇ ಇಡಬೇಕು. ಮುಟ್ಟದ ಪಾತ್ರೆಯಲ್ಲಿ ಬಣ್ಣ ಬದಲಾಯಿತೆಂದರೆ ಅದಕ್ಕೂ ಪಕ್ಕದ ಪಾತ್ರೆಗೂ ಎಲ್ಲೋ ಸಂಬಂಧವಿದೆ.

ಮಾರನೆಯ ಬೆಳಿಗ್ಗೆ ಅವಳು ಮುನಿಯಲ್ಲಪ್ಪನ ಅಂಗಡಿಯಲ್ಲಿ ಚಲನ್ ಪಾಠವನ್ನು ತೆಗೆದು, ಅದರ ಜಾಗದಲ್ಲಿ ತನ್ನದೇ ಒಂದು ಪಾಠವನ್ನು ಬರೆಯತೊಡಗಿದಳು. ಇಂಗ್ಲಿಷು ಕುಂಟಿತು, ಕುಂಟಲಿ ಎಂದುಕೊಂಡಳು. ಅದು ಪ್ರತಿ ವರ್ಷ ಮಾವಿನ ಕಾಲದಲ್ಲಿ ಅವಳು ನಡೆಸುವ ಪಾಠ. ವಿದ್ಯಾರ್ಥಿಗಳನ್ನು ಮಂಡಿಗೆ ಕರೆದುಕೊಂಡು ಹೋಗುತ್ತಾಳೆ. ದಲ್ಲಾಳಿ ಶ್ರೀರಾಮಪ್ಪ ಹೆಗಲಿನ ಟವಲು ತೆಗೆದು ತನ್ನ ಕೈಮೇಲೆ ಹೊದಿಸಿಕೊಳ್ಳುತ್ತಾನೆ. ಒಬ್ಬೊಬ್ಬರಾಗಿ ಅದರ ಕೆಳಗೆ ಕೈ ತೂರಿಸಬೇಕು. ಹಿಡಿದ ಬೆರಳುಗಳೇ ಬೆಲೆ. ಸುತ್ತ ನಿಂತವರಿಗೆ ಟವಲು ಅಲುಗುವುದು ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಕೊಡುವವನೂ ಕೊಳ್ಳುವವನೂ ಅಲ್ಲದ ಮೂರನೆಯವನಿಗೆ ಗೊತ್ತಾಗದಂತೆ ಬೆಲೆ ಹುಟ್ಟುವುದು ಹೇಗೆಂಬುದನ್ನು ಕಪ್ಪುಹಲಗೆಯ ಮೇಲೆ ಕಲಿಸಲಾಗುವುದಿಲ್ಲವೆಂದು ಅವಳು ನಂಬಿದ್ದಳು. ಈಗ ಅದನ್ನು ತಾನು ತರಗತಿಯಲ್ಲಿ ಆಡುವ ಮಾತಿನಂತೆಯೇ ಬರೆದಳು. ಪ್ರತಿ ಬೆರಳಿನ ಅರ್ಥವನ್ನೂ ಬರೆದಳು. ಬರೆಯುವ ಭರದಲ್ಲಿ, ಹೊಸ ತರಗತಿಯ ಮೊದಲ ಬೆಂಚಿಗೆ ಬರಲಿದ್ದ ಯಲ್ದೂರಿನ ಹುಡುಗಿಯ ಹೆಸರನ್ನೂ ಹಾಗೇ ಹಾಕಿದಳು: "ವೆಂಕಟಲಕ್ಷ್ಮಿ, ಹೆದರಬೇಡ. ಕೈ ಮುಂದೆ ಚಾಚು."

ಅಂಕಿ ಆರಕ್ಕೆ ಇಳಿಯಿತು.

ಅದು ಮಾದರಿ ಉತ್ತರದ ಲೆಕ್ಕವಲ್ಲ. ಅವರು ಒಬ್ಬರನ್ನೊಬ್ಬರು ಎಷ್ಟು ಹೋಲುತ್ತಾರೆಂಬುದರ ಲೆಕ್ಕ. ಯಾರೋ ನಾಲ್ಕು ಕಾಲೇಜುಗಳನ್ನು ಒಂದರ ಮೇಲೊಂದು ಇಟ್ಟು, ಅಂಚು ಸರಿಯಾಗಿ ಕೂರುತ್ತದೆಯೇ ಎಂದು ನೋಡುತ್ತಿದ್ದರು.

ಅಲ್ಲಿಯವರೆಗೆ ಸಂಸ್ಥೆಯ ಪರವಾಗಿ ಬರೆಯುತ್ತಿದ್ದ ಮೃದುಲಾ ಎಂಬುವರ ಉತ್ತರ ಬರಲು ವಾರ ಹಿಡಿಯುತ್ತಿತ್ತು. ಆ ದಿನ ಕರೆಂಟು ಹೋಗುವ ಮೊದಲೇ ಬಂತು. ತುಂಬ ಚೆನ್ನಾಗಿದೆ. ಇದು ನಿಮ್ಮ ಸ್ವಂತದ್ದೇ? ಬೆರಳುಗಳ ಕ್ರಮವನ್ನು ಇನ್ನೂ ಸ್ವಲ್ಪ ವಿವರಿಸಬಹುದೇ? ಆತುರವಿಲ್ಲ.

ಆದಿಲಕ್ಷ್ಮಿ ಬೆರಳುಗಳ ಬಗ್ಗೆ ಬರೆಯಲಿಲ್ಲ. ನೇರವಾಗಿ ಕೇಳಿದಳು: ಮ್ಯಾಚ್ ಹೆಚ್ಚಿದ್ದರೆ ಒಳ್ಳೆಯದೋ, ಕಡಿಮೆ ಇದ್ದರೆ ಒಳ್ಳೆಯದೋ?

ಉತ್ತರ ಮರುದಿನ ಬಂತು. ಒಳ್ಳೆಯದು ಕೆಟ್ಟದ್ದು ಎಂದೇನಿಲ್ಲ, ನಾವು ಗಮನಿಸುತ್ತೇವೆ ಅಷ್ಟೆ. ನಿಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಬಹುತೇಕ ಒಂದೇ ಪಾಠ ನಡೆಯುತ್ತಿರುವುದು ಸಂತೋಷದ ವಿಷಯ. ಮುಂದೆ ವ್ಯವಸ್ಥೆ ಮಾಡುವವರಿಗೆ ಅನುಕೂಲ.

ಅನುಕೂಲ ಎಂಬ ಮಾತನ್ನು ಅವಳು ಎರಡು ಸಲ ಓದಿದಳು. ನಾಲ್ಕು ಕಡೆ ಒಂದೇ ಪಾಠವಾದರೆ ನಾಲ್ಕು ಜನ ಯಾಕೆ ಬೇಕು?

ಆವನಿಯಲ್ಲಿ ಬಸ್ಸಿಳಿದಾಗ ಬಿಸಿಲು ಬಂಡೆಯ ಮೇಲಿಂದ ಮುಖಕ್ಕೆ ಹೊಡೆಯುತ್ತಿತ್ತು. ಮೇಷ್ಟ್ರು ಜಗಲಿಯಲ್ಲಿ ಕೂತು ತಮ್ಮ ಅಣ್ಣನ ಮಗ ಮುಕುಂದನಿಗೆ ಮಂತ್ರಪಾಠ ಹೇಳಿಕೊಡುತ್ತಿದ್ದರು. ಅವಳನ್ನು ಕಂಡು ಅವನನ್ನು ಒಳಗೆ ಕಳಿಸಿದರು.

"ಬಾಮ್ಮ ತೊಂಬತ್ತಾರು! ಮಜ್ಜಿಗೆ ಕುಡೀತೀಯಾ?"

"ನಂದೀಗ ಆರು ಸಾರ್."

ಅವರು ನಕ್ಕರು. ಅವಳು ಎಲ್ಲವನ್ನೂ ಹೇಳಿದ ಮೇಲೆ ನಗು ನಿಂತಿತು, ಆದರೆ ಒಪ್ಪಿಗೆ ಬರಲಿಲ್ಲ.

"ನೋಡಮ್ಮ, ನಮ್ಮನೇಲಿ ನಾಕು ಜನ ಕೂತು ಮಂತ್ರ ಹೇಳ್ತೀವಿ. ಒಬ್ಬನ ಸ್ವರ ಒಂಚೂರು ಏರಿದ್ರೂ ನಮ್ಮಪ್ಪ ತೊಡೆ ಮೇಲೆ ಹೊಡೀತಿದ್ರು. ಎಲ್ರದ್ದೂ ಒಂದೇ ಆಗಿದ್ರೆ ಸರಿ, ಬೇರೆ ಆದ್ರೆ ತಪ್ಪು. ಇದಕ್ಕಿಂತ ದೊಡ್ಡ ಪರೀಕ್ಷೆ ಯಾವ್ದಿದೆ ಹೇಳು?"

"ಒಳಗೆ ಕೂತೋರಿಗೆ ಅದು ಸರಿ ಸಾರ್. ಬೀದೀಲಿ ನಿಂತು ಕೇಳೋನಿಗೆ ಎಷ್ಟು ಜನ ಹೇಳ್ತಾ ಇದ್ದಾರೆ ಅಂತ್ಲೇ ಗೊತ್ತಾಗಲ್ಲ."

ಮೇಷ್ಟ್ರು ಕೈಯಲ್ಲಿದ್ದ ಮಜ್ಜಿಗೆ ಲೋಟವನ್ನು ಜಗಲಿಯ ಮೇಲಿಟ್ಟು, ಅದು ನೆಟ್ಟಗೆ ಕೂತಿದೆಯೇ ಎಂದು ನೋಡಿದರು.

"ಬದಲಾಯಿಸಿ ಸಾರ್. ನಾಕು ಜನಾನೂ ನಾಕು ಥರ ಬರೆಯೋಣ."

"ಅದು ನಂದೇ ಕಣಮ್ಮ," ಎಂದರು ಅವರು ನಿಧಾನವಾಗಿ. "ನಿಮ್ಮದು ನೀವು ಬದಲಾಯಿಸಬಹುದು. ನಾನು ಯಾರನ್ನ ನೋಡಿ ಬದಲಾಯಿಸ್ಲಿ? ಹದಿನೆಂಟು ವರ್ಷದಿಂದ ನಾನು ಚಲನ್ ಪಾಠಾನ ಹಾಗೇ ಮಾಡ್ತಾ ಬಂದಿರೋದು."

ಆದಿಲಕ್ಷ್ಮಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಉಳಿದ ಇಬ್ಬರು ತಮ್ಮ ಪಾಠ ತೆಗೆದರೆ ಮೇಷ್ಟ್ರದ್ದು ತಾನೇ ತಾನಾಗಿ ಮತ್ತೆ ನಾಲ್ಕಾಗುತ್ತದೆ. ಅವರು ಉಳಿಯುತ್ತಾರೆ. ಎಲ್ಲರೂ ಉಳಿಯುತ್ತಾರೆ. ಅವಳು ಮೇಷ್ಟ್ರ ಮನೆಯಿಂದಲೇ ಫೋನು ಮಾಡಿದಳು.

ಗಂಗರತ್ನಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು, "ನಿಂದೆಷ್ಟು ಈಗ?"

"ಆರು."

"ಅಂದ್ರೆ ನಿನ್ನ ಮಾತು ನಿಜ ಆದ್ರೆ, ನೀನೊಬ್ಬಳು ಆಗಲೇ ದಡ ಸೇರಿದ್ದೀಯಾ. ಸುಳ್ಳಾದ್ರೆ, ನಮ್ಮ ಮಾರ್ಕ್ಸ್ ಇಳಿಸೋಕೆ ಬಂದಿದ್ದೀಯಾ. ಎರಡರಲ್ಲಿ ಯಾವ್ದೇ?"

"ರತ್ನಕ್ಕಾ..."

"ಅಕ್ಕ ಪಕ್ಕ ಎಲ್ಲಾ ಆಮೇಲೆ. ಹೇಳ್ದೆ ಕೇಳ್ದೆ ಹೋಗಿ ಬದಲಾಯಿಸ್ಕೊಂಡ್ಯಲ್ಲ, ಆವಾಗ ಅಕ್ಕ ಎಲ್ಲಿದ್ಳು? ಮುನಿರಾಮಪ್ಪ ಇಲ್ಲೇ ಕೂತವ್ನೆ, ಕೇಳು."

ಫೋನಿನ ಆಚೆಯಿಂದ ಮುನಿರಾಮಪ್ಪನ ದಪ್ಪ ದನಿ ಬಂತು. "ಮೇಡಂ, ನಮ್ಮೂರಾಗೆ ಹೆಂಚು ಮಾಡ್ತಾರೆ ಗೊತ್ತಲ್ಲ. ಒಂದೇ ಅಚ್ಚಿನಾಗೆ ಬಂದ್ರೇನೇ ಸೂರಿನ ಮೇಲೆ ಕೂರೋದು. ಸೊಟ್ಟ ಹೆಂಚನ್ನ ಪಕ್ಕಕ್ಕೆ ಎಸೀತಾರೆ. ನೀವು ಸೊಟ್ಟ ಹೆಂಚಾಗ್ಬಿಟ್ರಿ ಅಂತ ನಮಗೆ ಭಯ, ಅಷ್ಟೇಯಾ."

ಅವರು ನಂಬದಿರಲು ಕಾರಣ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳ ಮಾತು ನಿಜವಾದಷ್ಟೂ ಅವಳಿಗೆ ಲಾಭ. ಲಾಭವಿರುವವರ ಸಾಕ್ಷಿಗೆ ಬೆಲೆಯಿಲ್ಲ. ಅವಳನ್ನು ನಂಬಬೇಕಾದರೆ ಅವಳೂ ಅವರ ಜೊತೆ ಅದೇ ನೀರಿಗೆ ಇಳಿಯಬೇಕು.

"ನಾಳೆ ಬೆಳಿಗ್ಗೆ ಮೇಷ್ಟ್ರ ಪ್ರತೀನೇ ವಾಪಸ್ ಹಾಕ್ತೀನಿ," ಎಂದಳು ಅವಳು. "ಮುಳುಗಿದ್ರೆ ನಿಮ್ಮ ಜೊತೇನೇ ಮುಳುಗ್ತೀನಿ. ನಾನು ಹಾಕಿದ ತಕ್ಷಣ ನನ್ನ ಅಂಕಿ ನಿಮ್ಮ ಪಕ್ಕಕ್ಕೆ ಬಂದು ನಿಲ್ಲುತ್ತೆ. ಆವಾಗ ನಂಬ್ತೀರಾ?"

ಆಚೆ ಇಬ್ಬರೂ ಪಿಸುಗುಟ್ಟಿದ್ದು ಕೇಳಿಸಿತು. ಕೊನೆಗೆ ಗಂಗರತ್ನಮ್ಮ, "ಹಾಕು. ನೋಡಿ ನಾವೂ ಬೇರೆ ಬೇರೆ ಬರೀತೀವಿ. ಇನ್ನೂ ಟೈಮಿದೆಯಲ್ಲ, ಕೊನೇ ದಿನ ಅಂತೇನೂ ಇಲ್ಲ," ಎಂದಳು.

ಮೇಷ್ಟ್ರು ಅವಳನ್ನು ಬಸ್ಸಿನವರೆಗೂ ಬಿಡಲು ಬಂದರು. ಬಸ್ಸು ಕಂಡಾಗ ಮಾತ್ರ ಹೇಳಿದರು, "ನಿಂದು ಹಾಗೇ ಬಿಟ್ಬಿಡಮ್ಮ. ಒಬ್ಬರಾದ್ರೂ ಉಳೀಲಿ."

ಮಾರನೆಯ ಬೆಳಿಗ್ಗೆ ಮುನಿಯಲ್ಲಪ್ಪನ ಅಂಗಡಿಯ ಮೂಲೆಯ ಕಂಪ್ಯೂಟರಿನ ಮುಂದೆ ಆದಿಲಕ್ಷ್ಮಿ ಬಹಳ ಹೊತ್ತು ಸುಮ್ಮನೆ ಕೂತಳು. ಯಲ್ದೂರಿನಲ್ಲಿ ಅವಳ ಗಂಡ ಸುರೇಶ್ ಕೆಲಸ ಮಾಡುತ್ತಿದ್ದ ಮಾವಿನ ರಸದ ಕಾರ್ಖಾನೆ ವರ್ಷದಲ್ಲಿ ಮೂರು ತಿಂಗಳು ಮಾತ್ರ ನಡೆಯುವಂಥದ್ದು. ಉಳಿದ ತಿಂಗಳೆಲ್ಲ ಮನೆ ನಡೆಯುತ್ತಿದ್ದದ್ದು ಅವಳ ಈ ಅರೆಕಾಲಿಕ ಕೆಲಸದಿಂದ. ಮೇಷ್ಟ್ರ ಕೊನೆಯ ಮಾತು ಕಿವಿಯಲ್ಲಿತ್ತು. ಆದರೆ ಅವರು ಮಜ್ಜಿಗೆ ಲೋಟವನ್ನು ನೆಟ್ಟಗಿಟ್ಟು ನೋಡಿದ್ದೂ ಕಣ್ಣಿನಲ್ಲಿತ್ತು.

ಅವಳು ಟವಲಿನ ಪಾಠವನ್ನು ಅಳಿಸಿದಳು. ಚಲನ್ ಪಾಠವನ್ನು ಹಾಕಿದಳು. ಅಂಕಿ ತೊಂಬತ್ತಾರಕ್ಕೆ ಬಂದು ನಿಂತಿತು. ಅದರ ಕೆಳಗೆ ಹಿಂದೆಂದೂ ಕಾಣದ ಒಂದು ಸಾಲು ಮೂಡಿತು: ನಿಮ್ಮ ಹಿಂದಿನ ಪಾಠವನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇವೆ.

ಅಳಿಸಿದ್ದು ಅಳಿಯಲಿಲ್ಲವೇ ಎಂದು ಯೋಚಿಸುವಷ್ಟರಲ್ಲಿ ಫೋನು ಬಂತು.

"ನೋಡಿದೆ ಕಣೇ," ಗಂಗರತ್ನಮ್ಮನ ದನಿ ಈಗ ಬೇರೆಯಾಗಿತ್ತು. "ನೀನು ಹಾಕಿದ ಗಳಿಗೇಲೇ ಬಂತು, ನೀನೂ ನಮ್ಮ ಜೊತೆ ಇಳಿದ್ಬಿಟ್ಟೆ. ಅಯ್ಯೋ ದೇವ್ರೇ, ನಾವೇನು ಮಾಡ್ಕೊಂಡ್ವೇ? ಇವತ್ತೇ ಕೂತು ಟೊಮೊಟೊ ಮಾರ್ಕೆಟ್ಟಿನ ಪಾಠ ಬರೀತೀನಿ. ಮುನಿರಾಮಪ್ಪ ಹೆಂಚಿನ ಫ್ಯಾಕ್ಟರೀದು ಬರೀತಾನಂತೆ. ನಾಳೆ ಹಾಕ್ಬಿಡ್ತೀವಿ."

"ಇವತ್ತೇ ಹಾಕಕ್ಕಾ."

"ಇಲ್ಲಿ ಕರೆಂಟು ಸಾಯಂಕಾಲಕ್ಕೇ ಬರೋದು. ಒಂದು ದಿನದಲ್ಲಿ ಏನಾಗುತ್ತೆ ಬಿಡು."

ಮಾರನೆಯ ದಿನ ಹತ್ತು ಗಂಟೆಗೆ ನಾಲ್ವರೂ ನಾಲ್ಕು ಊರಿನ ನಾಲ್ಕು ಅಂಗಡಿಗಳಲ್ಲಿ ಕೂತರು. ಪುಟ ತೆರೆಯಿತು. ಪಾಠ ಬರೆಯುವ ಜಾಗವಿರಲಿಲ್ಲ. ಅಂಕಿಯ ಕಂಬವಿರಲಿಲ್ಲ. ತಿಳಿನೀಲಿ ಪರದೆಯ ನಡುವೆ ಇಷ್ಟೇ ಇತ್ತು: ತರಬೇತಿ ಪೂರ್ಣಗೊಂಡಿದೆ. ನಿಮಗೆಲ್ಲರಿಗೂ ಅಭಿನಂದನೆಗಳು.

ಕೊನೆಯ ದಿನಾಂಕವಿಲ್ಲದ್ದು ಯಾವ ದಿನ ಬೇಕಾದರೂ ಕೊನೆಯಾಗಬಹುದು ಎಂಬುದು ಅವರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಪ್ರಮಾಣಪತ್ರಗಳು ಅಂಚೆಯಲ್ಲಿ ಬಂದವು. ದಪ್ಪ ಕಾಗದ, ಸುತ್ತಲೂ ಬಂಗಾರದ ಬಣ್ಣದ ಬಳ್ಳಿ. ನಾಲ್ವರೂ ಉನ್ನತ ದರ್ಜೆಯಲ್ಲಿ ತೇರ್ಗಡೆ. ಮೇಷ್ಟ್ರು ತಮ್ಮದನ್ನು ಲಕೋಟೆಯಿಂದ ಹೊರಗೆ ತೆಗೆಯಲೇ ಇಲ್ಲವೆಂದು ಮುಕುಂದ ಆಮೇಲೆ ಹೇಳಿದ. ಜೂನ್ ಬಂತು. ಮುಂದುವರಿಕೆಯ ಆದೇಶ ಬರಲಿಲ್ಲ. ಬದಲಿಗೆ ಶ್ರೀನಿವಾಸಪುರದಲ್ಲಿ ಆದಿಲಕ್ಷ್ಮಿಯ ಕಾಲೇಜಿಗೆ ಲಾರಿಯಲ್ಲಿ ಒಂದು ದೊಡ್ಡ ಪೆಟ್ಟಿಗೆ ಬಂತು. ಕೋಲಾರ, ಮಾಲೂರು, ಮುಳಬಾಗಿಲುಗಳಿಗೂ ಅಂಥದ್ದೇ ಹೋಗಿದೆಯೆಂದು ಲಾರಿಯವನು ಹೇಳಿದನಂತೆ.

ಮೊದಲ ತರಗತಿಯ ದಿನ ಪ್ರಿನ್ಸಿಪಾಲರು ಆದಿಲಕ್ಷ್ಮಿಯನ್ನು ಬೀರುವಿನ ಕೀಲಿ ಒಪ್ಪಿಸಲು ಬರಹೇಳಿದರು. ಕೀಲಿ ಕೊಟ್ಟು ಹಿಂದಿರುಗುವಾಗ ಅವಳ ಕಾಲುಗಳು ಅಭ್ಯಾಸಬಲದಿಂದ ತನ್ನ ತರಗತಿಯ ಕೊಠಡಿಯ ಕಡೆಗೇ ನಡೆದವು. ಹೊರಗೆ ರಸ್ತೆಯಲ್ಲಿ ಮಂಡಿಗೆ ಹೋಗುವ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಕಿಟಕಿಯಿಂದ ಹಣ್ಣಿನ ವಾಸನೆ ಒಳಗೆ ಬರುತ್ತಿತ್ತು. ಅವಳು ಬಾಗಿಲಲ್ಲಿ ನಿಂತಳು.

ಕಪ್ಪುಹಲಗೆಯ ಮುಂದೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಟಿವಿ. ಮೇಜಿನ ಹಿಂದೆ ಯಾರೂ ಇಲ್ಲ. ಪರದೆಯ ಮೇಲೆ ಮುಖವೂ ಇಲ್ಲ. ಬಿಳಿಯ ಹಿನ್ನೆಲೆಯಲ್ಲಿ ಎರಡು ಕೈಗಳು. ಯಾರವೋ ಗೊತ್ತಿಲ್ಲ, ಶುಭ್ರವಾದ ಕೈಗಳು. ಅವುಗಳ ಮೇಲೆ ಟವಲಿರಲಿಲ್ಲ. ಒಂದು ಕೈ ಇನ್ನೊಂದರ ಬೆರಳುಗಳನ್ನು ಒಂದೊಂದಾಗಿ ಹಿಡಿದು ಬಿಡುತ್ತಿತ್ತು. ಪ್ರತಿ ಬೆರಳಿನ ಪಕ್ಕದಲ್ಲಿ ಅದರ ಬೆಲೆ ಅಂಕಿಯಲ್ಲಿ ಮೂಡುತ್ತಿತ್ತು. ಹಿಂದಿನಿಂದ ಒಬ್ಬ ಹೆಂಗಸಿನ ದನಿ, ಮೃದುವಾದದ್ದು, ಎಲ್ಲೂ ತಡವರಿಸದ್ದು, ಅಚ್ಚುಕಟ್ಟಾದ ಕನ್ನಡದಲ್ಲಿ ಪಾಠ ಹೇಳುತ್ತಿತ್ತು. ಮಾತುಗಳು ಮಾತ್ರ ಆದಿಲಕ್ಷ್ಮಿಯವೇ. ಕುಂಟು ಇಂಗ್ಲಿಷಿನಲ್ಲಿ ಬರೆದ ಪ್ರತಿ ವಾಕ್ಯವನ್ನೂ ಯಾರೋ ನೆಟ್ಟಗೆ ಮಾಡಿದ್ದರು, ಒಂದನ್ನೂ ಬಿಟ್ಟಿರಲಿಲ್ಲ.

ಹುಡುಗ ಹುಡುಗಿಯರು ಅಲುಗಾಡದೆ ನೋಡುತ್ತಿದ್ದರು. ಯಾರೂ ಬಾಗಿಲ ಕಡೆ ತಿರುಗಲಿಲ್ಲ.

ದನಿ ಒಂದು ಗಳಿಗೆ ನಿಂತಿತು. ಆಮೇಲೆ ಹೇಳಿತು:

"ವೆಂಕಟಲಕ್ಷ್ಮಿ, ಹೆದರಬೇಡ. ಕೈ ಮುಂದೆ ಚಾಚು."

ಆದಿಲಕ್ಷ್ಮಿ ಕೂಗಬೇಕೆಂದುಕೊಂಡಳು. ಅಷ್ಟರಲ್ಲಿ ಮೊದಲ ಬೆಂಚಿನ ಹುಡುಗಿ ಬೆಚ್ಚಿಬಿದ್ದು ಎದ್ದು ನಿಂತಿದ್ದಳು. ತನ್ನ ಹೆಸರು ಆ ಪೆಟ್ಟಿಗೆಗೆ ಹೇಗೆ ಗೊತ್ತಾಯಿತೆಂದು ಆಚೀಚೆ ನೋಡಿದಳು. ಪಾಠ ಹೇಳುವವರು ಕರೆದಾಗ ಏಳಬೇಕು, ಹೇಳಿದ್ದನ್ನು ಮಾಡಬೇಕು. ಅವಳು ದಾವಣಿಯ ಸೆರಗಿಗೆ ಅಂಗೈ ಒರೆಸಿಕೊಂಡು, ಬಲಗೈಯನ್ನು ಪರದೆಯ ಕಡೆಗೆ ಚಾಚಿ, ಆ ಕಡೆಯಿಂದ ಯಾರಾದರೂ ಹಿಡಿಯಲಿ ಎಂದು ಕಾಯುತ್ತ ನಿಂತಳು.